ಕುಟುಂಬ ಎಂಬ ಮಾತಿನೊಳಗೆ ಮರೆಯಾದವರು

ನೆಲೋಗಿ ಎಂದರೆ ಹೊರಗಿನವರಿಗೆ ಮಾಜಿ ಮುಖ್ಯಮಂತ್ರಿ ದಿವಂಗತ ಧರಂ ಸಿಂಗ್ ಅವರ ಊರು. ಜೇವರ್ಗಿ ತಾಲ್ಲೂಕಿನ ಕಪ್ಪು ನೆಲದ, ತೊಗರಿ ಮತ್ತು ಜೋಳದ ಊರು. ನಮಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಒಬ್ಬ ಗೆಳೆಯನ ಮನೆಯ ಪಡಸಾಲೆ ನೆನಪಾಗುತ್ತದೆ. ಆ ಪಡಸಾಲೆಯ ಮೂಲೆಯಲ್ಲಿ ಅವನ ಅಣ್ಣ ಗೋಡೆಗೆ ಮುಖಮಾಡಿ ಕೂತಿರುತ್ತಿದ್ದ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಹುಡುಗ. ಒಂದು ಬೇಸಿಗೆಯಲ್ಲಿ ನಿದ್ದೆ ಬಿಟ್ಟ, ತನ್ನೊಳಗೇ ಮಾತಾಡತೊಡಗಿದ, ನೆರೆಮನೆಯವರು ತನ್ನನ್ನು ಕೊಲ್ಲಲು ಸಂಚು ಹೂಡಿದ್ದಾರೆಂದು ಕೂಗಾಡಿದ. ಆಗ ನಮ್ಮ ಗೆಳೆಯನಿಗೆ ಹದಿನಾಲ್ಕು ವರ್ಷ.

ಮನೆಯವರು ಮಾಡದ ಪ್ರಯತ್ನವಿಲ್ಲ. ತಾಯಿತ ಕಟ್ಟಿಸಿದರು, ದರ್ಗಾಗಳಲ್ಲಿ ಗುರುವಾರಗಳನ್ನು ಕಳೆದರು, ಸೊಲ್ಲಾಪುರದ ಡಾಕ್ಟರಲ್ಲಿಗೆ ಹೋದರು, ಕೊನೆಗೆ ಧಾರವಾಡಕ್ಕೂ ಹೋಗಿ ಬಂದರು. ಔಷಧಿಯಿಂದ ಗುಣ ಕಂಡಿತು. ಹೊಲ ಮಾರಿದ ದುಡ್ಡು ಮುಗಿದಾಗ ಔಷಧಿ ನಿಂತಿತು, ಕಾಯಿಲೆ ಮರಳಿತು. ಹೀಗೆ ಹದಿನೈದು ವರ್ಷ. ಈ ಎಲ್ಲ ಓಡಾಟದಲ್ಲಿ ಚೀಲ ಹಿಡಿದು ಹಿಂದೆ ನಡೆದವನು ತಮ್ಮ. ಬಸ್ಸಿನಲ್ಲಿ ಅಣ್ಣ ಕೂಗಿದಾಗ ಜನರ ನೋಟ ಎದುರಿಸಿದವನೂ ಅವನೇ. ತಾಯಿ ಸಾಯುವ ದಿನ ಅವನ ಕೈ ಹಿಡಿದು, “ಅಣ್ಣಗ ಕೈ ಬಿಡಬ್ಯಾಡಪ್ಪಾ” ಎಂದಳು. ಅವನು “ಹೂಂ” ಎಂದ.

ಎಷ್ಟೋ ವರ್ಷಗಳ ಮೇಲೆ ಅವನು ನಮ್ಮೆದುರು ಬಾಯಿಬಿಟ್ಟ. “ಆವತ್ತು ಹೂಂ ಅಂದದ್ದು ಪ್ರೀತಿಗೋ ಅಂಜಿಕಿಗೋ ನನಗಿನ್ನೂ ಗೊತ್ತಿಲ್ಲ. ನಿಮ್ಮ ಅಣ್ಣ ಹೆಂಗಿದ್ದಾನ ಅಂತ ಇಡೀ ಊರು ಕೇಳತದ. ನೀ ಹೆಂಗಿದ್ದಿ ಅಂತ ಇವತ್ತಿನ ತನಕ ಒಬ್ಬರೂ ಕೇಳಿಲ್ಲ.”

ನಾವೂ ಕೇಳಿರಲಿಲ್ಲ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ. ತೀವ್ರ ಮನೋರೋಗಿಗಳ ಒಡಹುಟ್ಟಿದವರು ನಮ್ಮ ವೈದ್ಯಕೀಯ ಚರಿತ್ರೆಯಲ್ಲಿ ಎಲ್ಲಿದ್ದಾರೆ, ಅವರ ಮನಸ್ಸಿಗೆ ಯಾರಾದರೂ ಆಸರೆ ಕೊಟ್ಟಿದ್ದಾರೆಯೇ ಎಂದು ಹುಡುಕಹೊರಟಾಗ ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಹೋಗುವ ದಾರಿಗಳು

ನಮ್ಮ ಭಾಗದಲ್ಲಿ ಮನೋರೋಗಕ್ಕೆ ಮೊದಲ ದಾರಿ ಆಸ್ಪತ್ರೆಯದಾಗಿರಲಿಲ್ಲ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ದರ್ಗಾ, ಆಳಂದದ ಲಾಡ್ಲೆ ಮಶಾಯಖರ ದರ್ಗಾ, ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರ, ಇವು ದುಃಖ ಹೊತ್ತ ಜನ ಹೋಗಿ ಕೂರುವ ತಾವುಗಳು. ಗಾಣಗಾಪುರದ ದತ್ತನ ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ‘ಬಾಧೆ’ ಇದ್ದವರು ಕಂಬ ಹಿಡಿದು ಕೂಗುವುದನ್ನು ಕಂಡವರು ಮರೆಯಲಾರರು. ಅಲ್ಲಿಗೆ ಮುಸಲ್ಮಾನರೂ ಹೋಗುತ್ತಾರೆ, ದರ್ಗಾಕ್ಕೆ ಹಿಂದೂಗಳೂ ಬರುತ್ತಾರೆ. ಮನೆಯಲ್ಲೊಬ್ಬರಿಗೆ ಚಿತ್ತ ಕೆಟ್ಟಾಗ ಯಾವ ಜಾತಿಯೂ ಅಡ್ಡ ಬರುವುದಿಲ್ಲ. ಈ ಜಾಗಗಳನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆಸ್ಪತ್ರೆ ಇಲ್ಲದ ಕಾಲದಲ್ಲಿ ರೋಗಿಯನ್ನು ಮಾತ್ರವಲ್ಲ, ಜೊತೆಗೆ ಬಂದವರನ್ನೂ ಕೂರಿಸಿಕೊಂಡ ಜಾಗಗಳು ಇವೇ.

ಆಸ್ಪತ್ರೆಯ ದಾರಿ ಬಹಳ ದೂರವಿತ್ತು. ನೆಲೋಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಸಂಸ್ಥಾನದ ಮಾನಸಿಕ ಆಸ್ಪತ್ರೆ ಇದ್ದುದು ಈಗ ಮಹಾರಾಷ್ಟ್ರದಲ್ಲಿರುವ ಜಾಲ್ನಾದಲ್ಲಿ. 1953ರಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. 1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಇನ್ನೆರಡು ಹೆಸರು ಬಳಕೆಗೆ ಬಂದವು. ಒಂದು ಧಾರವಾಡ. ಮುಂಬಯಿ ಪ್ರಾಂತದ ಕಾಲದಲ್ಲಿ, 1845ರಲ್ಲಿ, ಶುರುವಾದ ಅಲ್ಲಿನ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆ. ಇನ್ನೊಂದು ಬೆಂಗಳೂರು. 1847ರಲ್ಲಿ ಡಾ. ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಆರಂಭಿಸಿದ ಹುಚ್ಚರ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರು ಪಡೆಯಿತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು.

ಇವು ಚಿಕಿತ್ಸೆಯ ಹೆಸರುಗಳು. ನಮ್ಮ ಬಾಯಲ್ಲಿ ಮಾತ್ರ ಬೈಗುಳಗಳಾದವು. “ಇವನನ್ನ ಧಾರವಾಡಕ್ಕ ಕಳಸ್ರಿ” ಎಂದು ಉತ್ತರ ಕರ್ನಾಟಕದಲ್ಲಿ ಹಾಸ್ಯ ಮಾಡಿದರೆ, ಹೈದರಾಬಾದಿನಲ್ಲಿ ಎರ್ರಗಡ್ಡದ ಹೆಸರೂ ಅದೇ ಕೆಲಸಕ್ಕೆ ಬಳಕೆಯಾಯಿತು. ಇಂಥ ಮಾತನ್ನು ಶಾಲೆಯಲ್ಲಿ ಮೊದಲು ಕೇಳುವವರು ಯಾರು? ರೋಗಿಯಲ್ಲ, ಅವನು ಶಾಲೆ ಬಿಟ್ಟಿರುತ್ತಾನೆ. ತಂದೆ-ತಾಯಿಯೂ ಅಲ್ಲ, ಅವರೆದುರು ಜನ ನಾಲಿಗೆ ಬಿಗಿಹಿಡಿಯುತ್ತಾರೆ. ಕೇಳುವವರು ತಮ್ಮ, ತಂಗಿ. “ಹುಚ್ಚನ ತಮ್ಮ” ಎಂಬ ಹೆಸರು ಸೈಕಲ್ಲಿನ ಹಿಂದೆ ಓಡಿಬರುವ ನಾಯಿಯಂತೆ ಅವರನ್ನು ಅಟ್ಟಿಸಿಕೊಂಡು ಬರುತ್ತದೆ.

ಇಬ್ಬರು ಅಣ್ಣ-ತಮ್ಮಂದಿರು, ಎರಡು ತೀರ್ಮಾನಗಳು

ಬೆಂಗಳೂರಿನಲ್ಲಿ ಆ ಆಸ್ಪತ್ರೆ ಶುರುವಾದ 1847ರ ಮೇ ತಿಂಗಳಲ್ಲಿ ದೂರದ ಲಂಡನ್ನಿನಲ್ಲಿ ಮೇರಿ ಲ್ಯಾಂಬ್ ಎಂಬ ಮುದುಕಿ ತೀರಿಕೊಂಡಳು. ಶೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಗಳಾಗಿ ಬರೆದ ಆ ಅಕ್ಕ-ತಮ್ಮಂದಿರಲ್ಲಿ ಅಕ್ಕ ಇವಳು. 1807ರ ಆ ಪುಸ್ತಕವನ್ನು ನಮ್ಮಲ್ಲಿ ಎಷ್ಟೋ ಜನ ಓದಿದ್ದೇವೆ. ಪದವಿ ತರಗತಿಯಲ್ಲಿ ತಮ್ಮ ಚಾರ್ಲ್ಸ್ ಲ್ಯಾಂಬ್‌ನ ಪ್ರಬಂಧಗಳನ್ನೂ ಓದಿದ್ದೇವೆ. ಅವನ ನಗುವಿನ ಹಿಂದೆ ಏನಿತ್ತೆಂದು ಮೇಷ್ಟ್ರು ಒಂದೇ ವಾಕ್ಯದಲ್ಲಿ ಮುಗಿಸಿದ್ದರು.

ಇದ್ದದ್ದು ಇದು. 1796ರ ಸೆಪ್ಟೆಂಬರ್ 22ರಂದು, ಹೊಲಿಗೆಯ ದುಡಿಮೆ ಮತ್ತು ಕಾಯಿಲೆಯ ತಾಯಿಯ ಆರೈಕೆಯಿಂದ ಬಳಲಿ ಹೋಗಿದ್ದ ಮೇರಿ ಚಿತ್ತಭ್ರಮೆಯ ಆವೇಶದಲ್ಲಿ ತಾಯಿಯನ್ನು ಚೂರಿಯಿಂದ ಇರಿದು ಕೊಂದಳು. ಅವಳ ಕೈಯಿಂದ ಚೂರಿ ಕಿತ್ತುಕೊಂಡವನು ಚಾರ್ಲ್ಸ್. ಅವನಿಗಾಗ 21 ವರ್ಷ. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತ. ಅದಕ್ಕೂ ಕೆಲವೇ ತಿಂಗಳ ಹಿಂದೆ ಅವನೇ ಆರು ವಾರ ಮಾನಸಿಕ ಚಿಕಿತ್ಸಾಲಯದಲ್ಲಿ ಇದ್ದು ಬಂದಿದ್ದ.

ಮನೆಯಲ್ಲಿ ಇನ್ನೊಬ್ಬ ಹಿರಿಯ ಅಣ್ಣನಿದ್ದ, ಜಾನ್. ಮೇರಿಯನ್ನು ಕಾಯಂ ಆಗಿ ಹುಚ್ಚಾಸ್ಪತ್ರೆಯಲ್ಲೇ ಬಿಡಬೇಕೆಂಬುದು ಅವನ ಅಭಿಪ್ರಾಯ. ಚಾರ್ಲ್ಸ್ ಒಪ್ಪಲಿಲ್ಲ. ಅವಳ ಹೊಣೆ ತನ್ನದೆಂದು ಒಪ್ಪಿಕೊಂಡು ಬಿಡಿಸಿಕೊಂಡ. 1799ರಲ್ಲಿ ತಂದೆ ತೀರಿದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಬಾಳಿದರು. ಮೇರಿ ಹುಷಾರಾಗಿದ್ದಾಗ ಓದು, ಬರಹ, ಗೆಳೆಯರ ಗುಂಪು. ಕಾಯಿಲೆ ಮರುಕಳಿಸುವ ಸೂಚನೆ ಕಂಡಾಗ ಇಬ್ಬರೂ ಅಳುತ್ತ, ಅವಳಿಗೆ ತೊಡಿಸುವ ಕಟ್ಟಂಗಿಯನ್ನು ಕೈಯಲ್ಲಿ ಹಿಡಿದು, ನಡೆದೇ ಆಸ್ಪತ್ರೆಗೆ ಹೋಗುತ್ತಿದ್ದುದನ್ನು ಕಂಡ ಗೆಳೆಯರಿದ್ದರು. ನೆರೆಯವರ ಗುಸುಗುಸು ಶುರುವಾದಾಗ ಮನೆ ಬದಲಿಸುತ್ತಿದ್ದರು. ಚಾರ್ಲ್ಸ್ ಮದುವೆಯಾಗಲಿಲ್ಲ. 1819ರಲ್ಲಿ ಒಬ್ಬ ನಟಿಯಲ್ಲಿ ಮದುವೆಯ ಮಾತೆತ್ತಿದ. ಅವಳು ಒಪ್ಪಲಿಲ್ಲ, ಕಾರಣ ಆ ಮನೆಯ ಕಾಯಿಲೆ. ಅವನು ವಿಪರೀತ ಕುಡಿಯುತ್ತಿದ್ದ. 1834ರಲ್ಲಿ ಅಕ್ಕನಿಗಿಂತ ಮೊದಲೇ ಸತ್ತ.

ಈ ಕಥೆಯನ್ನು ತ್ಯಾಗದ ಕಥೆಯೆಂದು ಹೇಳಿ ಕಣ್ಣೊರೆಸಿಕೊಳ್ಳುವುದು ಸುಲಭ. ನಮಗೆ ಬೇರೆ ಎರಡು ಸಂಗತಿಗಳು ಮುಖ್ಯವೆನಿಸುತ್ತವೆ. ಒಂದು, ಇಂದಿಗೂ ಇಂಥ ಪ್ರತಿ ಮನೆಯಲ್ಲಿ ಒಬ್ಬ ಜಾನ್, ಒಬ್ಬ ಚಾರ್ಲ್ಸ್ ಇರುತ್ತಾರೆ. ದೂರ ನಿಂತವನನ್ನು ಕಟುಕನೆನ್ನುತ್ತೇವೆ, ಹತ್ತಿರ ನಿಂತವನನ್ನು ಸಂತನೆನ್ನುತ್ತೇವೆ. ಇಬ್ಬರಲ್ಲೂ ಒಂದೇ ಭಯ ಕೆಲಸ ಮಾಡುತ್ತಿರುತ್ತದೆ ಎಂಬುದನ್ನು ಕಾಣುವುದಿಲ್ಲ. ಎರಡು, ತಾಯಿ ಸತ್ತ ಆ ವಾರ ಚಾರ್ಲ್ಸ್ ಮಾಡಿದ ಕೆಲಸಗಳಲ್ಲೊಂದು, ಬಾಲ್ಯದ ಗೆಳೆಯ, ಕವಿ ಕೋಲ್ರಿಜ್‌ನಿಗೆ ಕಾಗದ ಬರೆದದ್ದು. ಅವನು ಉಳಿದುಕೊಂಡದ್ದರಲ್ಲಿ ಆ ಕಾಗದಗಳ ಪಾಲಿದೆ. ಮನಶ್ಶಾಸ್ತ್ರ ಎಂಬ ಶಾಸ್ತ್ರವೇ ಇಲ್ಲದ ಕಾಲದಲ್ಲಿ ಒಬ್ಬ ಒಡಹುಟ್ಟಿದವನಿಗೆ ಸಿಕ್ಕ ಮಾನಸಿಕ ಆಸರೆ ಅಷ್ಟೆ: ನಾಚಿಕೆಯಿಲ್ಲದೆ ಎಲ್ಲವನ್ನೂ ಹೇಳಬಹುದಾದ ಒಂದು ಕಿವಿ.

ದೀವಾನಗಿಯ ಇನ್ನೊಂದು ಮುಖ

ಉರ್ದು ಓದಿದ ನಮಗೆ ದೀವಾನಾ ಎಂಬುದು ಪ್ರೀತಿಯ ಪದ. ಮಜ್ನೂನ್ ಎಂದರೆ ಜಿನ್ನು ಹಿಡಿದವನು ಎಂದು ಅರ್ಥ, ಆದರೂ ಆ ಹೆಸರು ಕೇಳಿದರೆ ನೆನಪಾಗುವುದು ಲೈಲಾ. ಗಝಲು ಹುಚ್ಚನ್ನು ಹಾಡಿದೆ, ಕಾಲಿನ ಸರಪಳಿಯ ಸದ್ದನ್ನೂ ಸಂಗೀತ ಮಾಡಿದೆ. ಮಜ್ನೂನನ ಮನೆಯಲ್ಲಿ ಉಳಿದವರ ಕಥೆಯನ್ನು ಅದು ಹೇಳುವುದಿಲ್ಲ.

1911ರಲ್ಲಿ ರುದೌಲಿಯಲ್ಲಿ ಹುಟ್ಟಿದ ಕವಿ ಅಸ್ರಾರುಲ್ ಹಖ್ ಮಜಾಝ್ ನಮ್ಮ ಹಿರಿಯರ ಆರಾಧ್ಯ. ಅವರ ಮನಸ್ಸು ಮೂರು ಬಾರಿ ಕುಸಿಯಿತು. ಮೂರನೆಯ ಬಾರಿ, 1952ರಲ್ಲಿ, ರಾಂಚಿಯ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಜಾಝರ ಕುಡಿತ, ವಿರಹ, ಚಟಾಕಿಗಳ ಬಗ್ಗೆ ಮುಶಾಯಿರಾಗಳಲ್ಲಿ ನೂರು ಕಥೆ ಕೇಳಿದ್ದೇವೆ. ಅವರ ತಂಗಿ ಸಫಿಯಾ ಅಖ್ತರ್ ಕಥೆ ಅಷ್ಟು ಕೇಳಿಲ್ಲ. ಕವಿ ಜಾನ್ ನಿಸಾರ್ ಅಖ್ತರರ ಹೆಂಡತಿ, ಜಾವೇದ್ ಅಖ್ತರರ ತಾಯಿ. ಗಂಡ ಮುಂಬಯಿಯಲ್ಲಿ, ತಾನು ಕಾಲೇಜಿನ ನೌಕರಿಯಲ್ಲಿ, ಇಬ್ಬರು ಚಿಕ್ಕ ಮಕ್ಕಳು, ತನ್ನದೇ ದೇಹದ ಕಾಯಿಲೆ. ಇವುಗಳ ಮೇಲೆ ಅಣ್ಣನ ಚಿಂತೆ. 1953ರ ಜನವರಿಯಲ್ಲಿ ಸಫಿಯಾ ತೀರಿಕೊಂಡರು. ಅಣ್ಣ ಮಜಾಝ್ ತಂಗಿಯ ಸಾವಿನ ನಂತರ ಅವಳ ಮಕ್ಕಳ ಮೇಲೆ ತೋರಿದ ಅಕ್ಕರೆಯನ್ನು ಬಲ್ಲವರು ಬರೆದಿದ್ದಾರೆ. ಕಾಯಿಲೆಯವನು ಬರೀ ಹೊರೆಯಲ್ಲ, ಅವನೂ ಅಣ್ಣನೇ ಎಂಬುದಕ್ಕೆ ಅದು ಸಾಕ್ಷಿ. 1955ರ ಡಿಸೆಂಬರಿನ ಚಳಿಯಲ್ಲಿ ಲಖನೌದಲ್ಲಿ ಮಜಾಝ್ ಸತ್ತರು. ಇನ್ನೊಬ್ಬ ತಂಗಿ ಹಮೀದಾ ಸಾಲಿಂ ಅಣ್ಣನ ನೆನಪುಗಳನ್ನು ಬರೆದರು. ಕವಿಯನ್ನು ಮನೆಯ ಕಡೆಯಿಂದ ಕಾಣಿಸುವ ಅಂಥ ಬರಹ ಉರ್ದುವಿನಲ್ಲಿ ವಿರಳ.

ಕುಟುಂಬವನ್ನು ಹೊಗಳಿದ ಕಾಲ

ಇನ್ನು ವೈದ್ಯಶಾಸ್ತ್ರದ ಕಡೆ ಬರೋಣ. ಅದು ಒಡಹುಟ್ಟಿದವರನ್ನು ಮೊದಲು ಕಂಡದ್ದು ಮನುಷ್ಯರಾಗಿ ಅಲ್ಲ, ಅಂಕಿಗಳಾಗಿ. 1916ರಲ್ಲಿ ಜರ್ಮನಿಯ ಅರ್ನ್‌ಸ್ಟ್ ರೂಡಿನ್, ಇಂದು ಸ್ಕಿಝೋಫ್ರೇನಿಯಾ ಎನ್ನುವ ಕಾಯಿಲೆಯವರ ಒಡಹುಟ್ಟಿದವರಲ್ಲಿ ಎಷ್ಟು ಜನರಿಗೆ ಅದೇ ಕಾಯಿಲೆ ಬರುತ್ತದೆಂದು ಲೆಕ್ಕ ಹಾಕಿ ಪ್ರಕಟಿಸಿದ. ಅದೇ ರೂಡಿನ್ 1933ರ ನಾಜಿ ಸರಕಾರದ ಬಲವಂತದ ಸಂತಾನಹರಣ ಕಾನೂನಿನ ಹಿಂದೆ ನಿಂತ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. ತಾಯಿಯ ಸ್ವಭಾವದಿಂದಲೇ ಮಕ್ಕಳಿಗೆ ಈ ಕಾಯಿಲೆ ಬರುತ್ತದೆಂದು 1948ರ ಸುಮಾರಿಗೆ ದೊಡ್ಡ ತಜ್ಞರೇ ಬರೆದರು. ಆ ವಾದಕ್ಕೆ ಆಧಾರವಿಲ್ಲವೆಂದು ಗೊತ್ತಾಗುವಷ್ಟರಲ್ಲಿ ಎಷ್ಟೋ ಮನೆಗಳು ಅಪರಾಧಿ ಭಾವದಲ್ಲಿ ಬೆಂದಿದ್ದವು.

ನಮ್ಮ ದೇಶ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು, ಅದು ಹೆಮ್ಮೆಯ ವಿಷಯ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಉಳಿಸಿಕೊಂಡರು. ಮನೆಯವರಿದ್ದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ, ಮನೆಯವರ ಭಯವೂ ಹೋಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ವೆಲ್ಲೂರು, ಬೆಂಗಳೂರುಗಳಲ್ಲೂ ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ಪದ್ಧತಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಗೆ ಆರಂಭಿಸಿದ ಬಹುದೇಶೀಯ ಅಧ್ಯಯನದಲ್ಲಿ ಆಗ್ರಾದ ರೋಗಿಗಳು ಕೆಲವು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದು ಕಂಡಿತು. ಇದಕ್ಕೆ ಕಾರಣ ಇಲ್ಲಿನ ಕುಟುಂಬ ಎಂದು ಹಲವರು ಹೇಳಿದರು. ಆ ಬಗ್ಗೆ ಚರ್ಚೆ ಇಂದಿಗೂ ಇದೆ. 1972ರಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಮನೆಯಲ್ಲಿ ಕಟು ಮಾತು, ಹಗೆತನ ಅಥವಾ ಅತಿಯಾದ ಕಾಳಜಿ ಇದ್ದರೆ ಕಾಯಿಲೆ ಬೇಗ ಮರುಕಳಿಸುತ್ತದೆಂದು ತೋರಿಸಿದರು. ಚಂಡೀಗಢದಲ್ಲಿ ಇದೇ ಪರೀಕ್ಷೆ ಮಾಡಿ 1987ರಲ್ಲಿ ಪ್ರಕಟಿಸಿದಾಗ ಅಲ್ಲಿನ ಮನೆಗಳಲ್ಲಿ ಅಂಥ ಕಟುತನ ಲಂಡನ್ನಿಗಿಂತ ಕಡಿಮೆ ಇತ್ತು.

ಕರ್ನಾಟಕ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ 1970ರ ದಶಕದಲ್ಲಿ ನಿಮ್ಹಾನ್ಸ್ ಹಳ್ಳಿಯ ಮಾನಸಿಕ ಆರೋಗ್ಯದ ಪ್ರಯೋಗ ನಡೆಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಔಷಧಿ ಕೊಡಿಸಲಾಯಿತು. ಇಡೀ ದೇಶಕ್ಕೆ ಅದೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಇಷ್ಟೆಲ್ಲ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು ‘ಕುಟುಂಬ’. ಕುಟುಂಬ ನೋಡಿಕೊಳ್ಳುತ್ತದೆ, ಕುಟುಂಬ ಔಷಧಿ ಕೊಡುತ್ತದೆ, ಕುಟುಂಬವೇ ನಮ್ಮ ಶಕ್ತಿ. ನಾವು ಕೇಳಬೇಕಾದ ಪ್ರಶ್ನೆ ಇಷ್ಟೆ: ಆ ಮಾತಿನೊಳಗೆ ಯಾರಿದ್ದಾರೆ? ವೈದ್ಯರ ಎದುರಿನ ಕುರ್ಚಿಯಲ್ಲಿ ತಂದೆ ಅಥವಾ ತಾಯಿ ಕೂರುತ್ತಾರೆ, ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿ. ತಮ್ಮ-ತಂಗಿಯರು ಬಾಗಿಲ ಹೊರಗೆ ಬೆಂಚಿನ ಮೇಲೆ. 1990ರ ದಶಕದಿಂದ ಬೆಂಗಳೂರಿನ ಅಮೆಂಡ್‌ನಂಥ ಕುಟುಂಬಗಳ ಕೂಟಗಳು ಹುಟ್ಟಿದಾಗಲೂ ಮುಂದೆ ನಿಂತವರು ಸಹಜವಾಗಿ ಹೆತ್ತವರು. ಅವರನ್ನು ಕಾಡಿದ ದೊಡ್ಡ ಪ್ರಶ್ನೆ “ನಮ್ಮ ನಂತರ ಇವನ ಗತಿ ಏನು?” ಎಂಬುದು. ಆ ಪ್ರಶ್ನೆಗೆ ಉತ್ತರವಾಗಬೇಕಾದವರು ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಪರೀಕ್ಷೆಗೆ ಓದುತ್ತ ಕೂತಿದ್ದರು.

ಬಾಳಿನ ಸಂಬಂಧಗಳಲ್ಲಿ ಅತಿ ಉದ್ದದ್ದು ಒಡಹುಟ್ಟಿನದು. ಹೆತ್ತವರು ಮೊದಲೇ ಹೋಗುತ್ತಾರೆ, ಗಂಡ-ಹೆಂಡಿರು ಮಧ್ಯದಲ್ಲಿ ಬರುತ್ತಾರೆ. ಉರ್ದುವಿನಲ್ಲಿ ಅಕ್ಕ-ತಂಗಿಯರನ್ನು ಹಮ್‌ಶೀರಾ ಎನ್ನುತ್ತೇವೆ, ಒಂದೇ ಹಾಲು ಕುಡಿದವಳು ಎಂದು. ಹಝರತ್ ಮೂಸಾ ತನ್ನ ಹೊರೆ ಹಂಚಿಕೊಳ್ಳಲು ದೇವರಲ್ಲಿ ಬೇಡಿದ್ದು ಅಣ್ಣ ಹಾರೂನರನ್ನು. ಹೊರೆ ಹಂಚಿಕೊಳ್ಳುವವನಿಗೂ ಬಲ ಬೇಕು ಎಂಬುದನ್ನು ನಾವು ಮರೆತೆವು.

ಎರ್ವಾಡಿಯ ಪಾಠ

ಬಲ ಮುಗಿದಾಗ ಏನಾಗುತ್ತದೆ ಎಂಬುದಕ್ಕೆ ಎರ್ವಾಡಿ ಇದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಸುತ್ತ ಮನೋರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳು ಬೆಳೆದಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥದೊಂದು ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ 28 ಜನ ಓಡಲಾಗದೆ ಸತ್ತರು. ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಆಗ ಪತ್ರಿಕೆಗಳು ಬಂಧುಗಳನ್ನು ಶಪಿಸಿದವು. ಶಪಿಸುವುದರಲ್ಲಿ ನ್ಯಾಯವೂ ಇತ್ತು. ಆದರೆ ತಂದೆ-ತಾಯಿ ಸತ್ತ ಮೇಲೆ, ನೆರವಿಲ್ಲದೆ, ತಿಳಿವಳಿಕೆಯಿಲ್ಲದೆ, ಸಂಬಳ ಸಾಲದೆ ಕೊನೆಗೆ ಸರಪಳಿಯ ಮನೆಗೆ ತಂದು ಬಿಟ್ಟ ಅಣ್ಣ-ತಮ್ಮನ ಹಿಂದಿನ ಇಪ್ಪತ್ತು ವರ್ಷವನ್ನು ಯಾರೂ ವಿಚಾರಿಸಲಿಲ್ಲ.

ಅಲ್ಲಿಂದ ಒಳ್ಳೆಯ ಬದಲಾವಣೆಗಳೂ ಆದವು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ‘ದವಾ-ದುವಾ’ ಎಂಬ ಕೆಲಸ ಶುರುವಾಯಿತು. ಮುಜಾವರರು ಪ್ರಾರ್ಥನೆಯನ್ನೂ ಮಾಡುತ್ತಾರೆ, ಅಲ್ಲೇ ಕೂರುವ ವೈದ್ಯರ ಬಳಿಗೂ ಕಳಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಬಳಸುವುದನ್ನು ಯಾವ ರೂಪದಲ್ಲೂ ನಿಷೇಧಿಸಿತು. ಕಾಯಿಲೆಯವರು ತಮ್ಮ ಪರ ಮಾತಾಡಲು ನಂಬುಗೆಯ ಪ್ರತಿನಿಧಿಯೊಬ್ಬರನ್ನು ಮೊದಲೇ ನೇಮಿಸಬಹುದೆಂದು ಹೇಳಿತು. ಆ ಪ್ರತಿನಿಧಿ ತಮ್ಮನೂ ಆಗಬಹುದು, ಅಕ್ಕನೂ ಆಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಒಳಗೊಂಡಿದೆ, ಅಗತ್ಯವಿದ್ದಷ್ಟಕ್ಕೆ ಮಾತ್ರ ಸೀಮಿತ ಪೋಷಕತ್ವಕ್ಕೆ ಅವಕಾಶ ಕೊಟ್ಟಿದೆ. ಆಸ್ತಿಯ ವಿಷಯದಲ್ಲಿ ಇದು ಮುಖ್ಯ. ಕಾಯಿಲೆಯಾದ ಮಾತ್ರಕ್ಕೆ ಅಣ್ಣನ ಪಾಲು ತಮ್ಮನದಾಗುವುದಿಲ್ಲ. ಕುರ್‌ಆನ್ ಕೂಡ ವಿವೇಚನೆಯಿಲ್ಲದವರ ಕೈಗೆ ಹಣ ಒಪ್ಪಿಸಬೇಡಿ ಎನ್ನುವಾಗಲೇ, ಅದರಿಂದ ಅವರಿಗೆ ಉಣಿಸಿ ಉಡಿಸಬೇಕು, ಅವರೊಡನೆ ಒಳ್ಳೆಯ ಮಾತಾಡಬೇಕು ಎನ್ನುತ್ತದೆ.

ಆಸರೆ ಎಂದರೆ ಏನು?

ಒಡಹುಟ್ಟಿದವರ ಮಾನಸಿಕ ಆಸರೆ ಎಂದಕೂಡಲೇ ದೊಡ್ಡ ಯೋಜನೆ ಕಣ್ಮುಂದೆ ಬರಬೇಕಾಗಿಲ್ಲ. ಅದರ ಮೊದಲ ಹೆಜ್ಜೆ ನಿಜ ಹೇಳುವುದು. ಹತ್ತು ವರ್ಷದ ತಂಗಿಗೂ ಅವಳ ಭಾಷೆಯಲ್ಲಿ ಹೇಳಬಹುದು: “ಅಣ್ಣನ ಮೆದುಳಿಗೆ ಕಾಯಿಲೆ ಬಂದಿದೆ. ಅವನು ಬೇಕೆಂದು ಮಾಡುತ್ತಿಲ್ಲ. ನಿನ್ನಿಂದ ಆದದ್ದಲ್ಲ.” ಹೇಳದಿದ್ದರೆ ಮಗು ತಾನೇ ಕಾರಣ ಹುಡುಕುತ್ತದೆ. “ನಾನು ಅವತ್ತು ಜಗಳಾಡಿದ್ದಕ್ಕೇ ಹೀಗಾಯಿತು” ಎಂದು ಐವತ್ತರ ಪ್ರಾಯದಲ್ಲೂ ನಂಬಿರುವವರನ್ನು ನಾವು ಕಂಡಿದ್ದೇವೆ.

ಎರಡನೆಯದು, ಭಯಕ್ಕೆ ಲೆಕ್ಕದ ಉತ್ತರ. “ನನಗೂ ಬರುತ್ತದಾ?” ಎಂಬ ಪ್ರಶ್ನೆಯನ್ನು ಅವರು ಯಾರ ಮುಂದೂ ಆಡುವುದಿಲ್ಲ, ರಾತ್ರಿ ಒಬ್ಬರೇ ಕೇಳಿಕೊಳ್ಳುತ್ತಾರೆ. ಸ್ಕಿಝೋಫ್ರೇನಿಯಾ ಸಾಮಾನ್ಯವಾಗಿ ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ಒಡಹುಟ್ಟಿದವರಲ್ಲಿ ಅದು ನೂರಕ್ಕೆ ಒಂಬತ್ತರ ಆಸುಪಾಸು ಎಂದು ಹಳೆಯ ಅಧ್ಯಯನಗಳ ಒಟ್ಟು ಲೆಕ್ಕ. ಅಪಾಯ ಹೆಚ್ಚು, ನಿಜ. ಆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಒಂದು ವಾಕ್ಯವನ್ನು ಸಮಯಕ್ಕೆ ಸರಿಯಾಗಿ ಯಾರಾದರೂ ಹೇಳಿದ್ದರೆ ಮದುವೆಯೇ ಬೇಡವೆಂದು ಕುಳಿತ ಎಷ್ಟು ಅಕ್ಕ-ತಂಗಿಯರ ಬಾಳು ಬೇರೆಯಾಗುತ್ತಿತ್ತೋ!

ಮೂರನೆಯದು, ಅಳಲು ಅನುಮತಿ. ಸತ್ತವರಿಗಾಗಿ ನಮ್ಮಲ್ಲಿ ಝಿಯಾರತ್ ಇದೆ, ಹದಿಮೂರನೇ ದಿನವಿದೆ. ಬದುಕಿದ್ದೂ ಕೈತಪ್ಪಿದ ಅಣ್ಣನಿಗಾಗಿ ಅಳಲು ಯಾವ ದಿನವೂ ಇಲ್ಲ. ಮೊದಲಿನ ಅಣ್ಣ ಎಲ್ಲಿ ಹೋದ ಎಂಬ ದುಃಖ, ಅವನ ಮೇಲಿನ ಸಿಟ್ಟು, ಸಿಟ್ಟು ಬಂದದ್ದಕ್ಕೆ ಪಾಪಪ್ರಜ್ಞೆ, ತಾನು ಮಾತ್ರ ಓದಿ ನೌಕರಿ ಹಿಡಿದೆನಲ್ಲ ಎಂಬ ಸಂಕೋಚ, ಇವೆಲ್ಲ ಒಟ್ಟಿಗೇ ಇರುತ್ತವೆ. ಇವು ಕೆಟ್ಟತನವಲ್ಲ. ಹೊರಗೆ ಹಾಕಲು ಜಾಗ ಸಿಗದಿದ್ದರೆ ಕುಡಿತವಾಗುತ್ತವೆ, ತಲೆನೋವಾಗುತ್ತವೆ, ಊರು ಬಿಟ್ಟು ಹೋಗುವ ಹಟವಾಗುತ್ತವೆ. ಅಮೆರಿಕದ ಸಿಯಾಟಲ್‌ನಲ್ಲಿ ಡಾನ್ ಮೇಯರ್ 1982ರಲ್ಲಿ ಅಂಗವಿಕಲ ಮಕ್ಕಳ ಒಡಹುಟ್ಟಿದವರಿಗೆಂದೇ ಕೂಟಗಳನ್ನು ಆರಂಭಿಸಿದರು. ಆ ಮಕ್ಕಳು ಒಂದೆಡೆ ಸೇರಿ ಆಡುತ್ತವೆ, ನಡುವೆ ಮಾತಾಡುತ್ತವೆ. ತನ್ನಂಥವರು ಇನ್ನೂ ಇದ್ದಾರೆ ಎಂದು ತಿಳಿಯುವುದರಲ್ಲೇ ಅರ್ಧ ಔಷಧಿಯಿದೆ.

ನಾಲ್ಕನೆಯದು, ನಾಳೆಯ ಮಾತನ್ನು ಇವತ್ತೇ ಆಡುವುದು. ಔಷಧಿ ಯಾರು ತರಬೇಕು, ಖರ್ಚು ಯಾರು ಎಷ್ಟು ಹಾಕಬೇಕು, ಮದುವೆಯಾಗಿ ಹೋದ ಅಕ್ಕ ವರ್ಷಕ್ಕೆ ಎಷ್ಟು ದಿನ ಬರಬಹುದು, ಹೊಲ ಯಾರ ಹೆಸರಿನಲ್ಲಿ ಇರಬೇಕು. ಈ ಮಾತುಗಳನ್ನು ಹೆತ್ತವರು ಗಟ್ಟಿಯಿದ್ದಾಗ, ಕಾಯಿಲೆಯವನನ್ನೂ ಕೂರಿಸಿಕೊಂಡು ಆಡಬೇಕು. ಸಾವಿನ ಹಾಸಿಗೆಯ ಬಳಿ ಪಡೆದ ಮಾತು ಮಾತಲ್ಲ, ಬೇಡಿ. ಎಲ್ಲವನ್ನೂ ಒಬ್ಬನೇ ಹೊರಬೇಕೆಂದಿಲ್ಲ. ಸ್ವಲ್ಪ ಹೊರುತ್ತೇನೆ ಎನ್ನುವವನನ್ನು ಸ್ವಾರ್ಥಿ ಎಂದು ದೂಡಿದರೆ ಅವನು ಪೂರ್ತಿ ದೂರವಾಗುತ್ತಾನೆ.

ಸರಕಾರದ ಕಡೆಯಿಂದ ಈಗ ಕೆಲವು ಬಾಗಿಲುಗಳು ತೆರೆದಿವೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದು ಕಾಯಿಲೆಯವರಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅವರನ್ನು ನೋಡಿಕೊಳ್ಳುತ್ತ ದಣಿದ ತಮ್ಮನೂ ಕರೆ ಮಾಡಬಹುದು. ಆದರೂ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಂತೆ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ರೋಗಿಗೇ ಸಿಗದಲ್ಲಿ ತಮ್ಮನಿಗೆ ಎಲ್ಲಿಂದ ಎಂದು ಕೇಳಬಹುದು. ನಮ್ಮ ಉತ್ತರ, ಎರಡೂ ಬೇರೆ ಬೇರೆ ಕೆಲಸಗಳಲ್ಲ ಎಂಬುದು. ಮನೆಯವರಿಗೆ ತಿಳಿವಳಿಕೆ ಮತ್ತು ಧೈರ್ಯ ಕೊಟ್ಟಲ್ಲಿ ರೋಗಿಯ ಕಾಯಿಲೆ ಮರುಕಳಿಸುವುದೂ ಕಡಿಮೆಯಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ವೈದ್ಯರ ಚೀಟಿಯಲ್ಲಿ ರೋಗಿಯ ಹೆಸರಿನ ಕೆಳಗೆ ಇನ್ನೊಂದು ಸಾಲಿರಲಿ: ಒಡಹುಟ್ಟಿದವರು ಎಷ್ಟು ಜನ, ಅವರೊಡನೆ ಯಾರಾದರೂ ಮಾತಾಡಿದ್ದಾರೆಯೇ? ಇದಕ್ಕೆ ಹೊಸ ಕಟ್ಟಡ ಬೇಡ, ಐದು ನಿಮಿಷ ಸಾಕು.

ಕಳೆದ ಬೇಸಿಗೆಯಲ್ಲಿ ನೆಲೋಗಿಗೆ ಹೋಗಿದ್ದೆವು. ಗೆಳೆಯನ ಅಣ್ಣ ಈಗ ತಪ್ಪದೆ ಔಷಧಿ ತೆಗೆದುಕೊಳ್ಳುತ್ತಾನೆ. ಪೂರ್ತಿ ಗುಣವಾಗಿಲ್ಲ, ಆದರೆ ಗೋಡೆಯ ಕಡೆಯ ಮುಖ ಅಂಗಳದ ಕಡೆ ತಿರುಗಿದೆ. ಮದುವೆಯಾಗಿ ಹೋದ ಇಬ್ಬರು ತಂಗಿಯರು ಔಷಧಿಯ ಖರ್ಚಿನಲ್ಲಿ ಪಾಲು ಹಾಕುತ್ತಾರೆ. ರಂಜಾನ್ ತಿಂಗಳಲ್ಲಿ ಹತ್ತು ದಿನ ಅಣ್ಣ ಒಬ್ಬ ತಂಗಿಯ ಮನೆಯಲ್ಲಿರುತ್ತಾನೆ. ಆ ಹತ್ತು ದಿನ ತಾನು ಏನು ಮಾಡುತ್ತೇನೆಂದು ಕೇಳಿದರೆ ಗೆಳೆಯ ನಕ್ಕ. “ಮಲಗತೀನಿ. ಬರೇ ಮಲಗತೀನಿ.” ಹೊರಡುವಾಗ ಅಭ್ಯಾಸ ಬಲದಿಂದ ಅಣ್ಣನ ಆರೋಗ್ಯ ವಿಚಾರಿಸಲು ಬಾಯಿ ತೆರೆದೆವು. ತಡೆದು ಅವನದನ್ನು ಮೊದಲು ಕೇಳಿದೆವು. ಉತ್ತರ ಮುಗಿಯುವಷ್ಟರಲ್ಲಿ ಜೇವರ್ಗಿಯ ಕೊನೆಯ ಬಸ್ಸು ಹೋಗಿತ್ತು.